ಅಪ್ಪನ ಮತಪತ್ರ, ಅಮ್ಮನ ಬಸ್ಸು

ಆಗೆಲ್ಲ ನಮ್ಮ ಮನೆಯ ಕರೆಗಂಟೆ ಸದ್ದು ಮಾಡಿತೆಂದರೆ ಮೊದಲು ಟಿವಿಯ ದನಿ ಅಡಗುತ್ತಿತ್ತು. ಆಮೇಲೆ ಅಪ್ಪ ಹೆಜ್ಜೆಯ ಸಪ್ಪಳವಾಗದಂತೆ ಮೆಟ್ಟಿಲು ಹತ್ತಿ, ಮೇಲಿನ ಕೋಣೆಯ ಕಿಟಕಿ ಪರದೆಯ ಅಡ್ಡಪಟ್ಟಿಗಳನ್ನು ಎರಡು ಬೆರಳಿನಲ್ಲಿ ಅಗಲಿಸಿ, ಕೆಳಗೆ ನಿಂತವರು ಯಾರೆಂದು ನೋಡುತ್ತಿದ್ದರು. ಬಾಗಿಲಿಗೇ ಕ್ಯಾಮೆರಾ ಅಂಟಿಸಿಕೊಂಡಿರುವ ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದೇ ಪದ್ಧತಿ. ಬಂದದ್ದು ಪಿಜ್ಜಾ ತರುವವನಾಗಲಿ, ಕುಕಿ ಮಾರುವ ಹುಡುಗಿಯರಾಗಲಿ, ಅಪ್ಪ ಕೆಳಗಿಳಿದು "ತೆಗಿ" ಎಂದ ಮೇಲೆಯೇ ಅಮ್ಮ ಬಾಗಿಲು ತೆಗೆಯಬೇಕು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಜನ ಈಗಲೂ ಇದ್ದಾರೆ, ಅಪ್ಪ ಅಮ್ಮನೂ ಅಲ್ಲೇ ಇದ್ದಾರೆ, ಕನ್ನಡ ಓದುವವರು ಎಲ್ಲಿ ಬೇಕಾದರೂ ಇರುತ್ತಾರೆ. ಶಿಕಾಗೊ ಕಡೆಯಿಂದ ಬಂದು ನೇಪರ್‌ವಿಲ್ ದಾಟಿ ಇನ್ನೂ ಮುಕ್ಕಾಲು ಗಂಟೆ ಪಶ್ಚಿಮಕ್ಕೆ ಡ್ರೈವ್ ಮಾಡಿದರೆ ಅಂಗಡಿಗಳ ಸಾಲು ಮುಗಿದು ಮೆಕ್ಕೆಜೋಳದ ಹೊಲಗಳು ಶುರುವಾಗುತ್ತವಲ್ಲ, ಅಂಥ ಕಡೆ ಎಂದಿಟ್ಟುಕೊಳ್ಳಿ. ಒಂದೇ ಒಂದು ಟ್ರಾಫಿಕ್ ಲೈಟು, ಕಾಳು ತುಂಬಿಡುವ ಎತ್ತರದ ಉಕ್ಕಿನ ಕಣಜ, ಎರಡು ಚರ್ಚು, ಒಂದು ಅಗ್ನಿಶಾಮಕ ಠಾಣೆ. ಹೊಲ ಅಗೆದು ಕಟ್ಟಿದ ಹೊಸ ಬಡಾವಣೆಯ, ಅಲ್ಲಿನವರ ಮಾತಿನಲ್ಲಿ ಸಬ್‌ಡಿವಿಷನ್ನಿನ, ಕೊನೆಯ ಮನೆ ನಮ್ಮದು. ನೇಪರ್‌ವಿಲ್ಲಿನಲ್ಲಿ ಕೊಳ್ಳುವ ಬೆಲೆಯ ಅರ್ಧಕ್ಕೆ ಇಲ್ಲಿ ಮನೆ ಸಿಕ್ಕಿತೆಂದು ಬಂದೆವು. ಅಷ್ಟು ಕಡಿಮೆಗೆ ಯಾಕೆ ಕೊಟ್ಟರು ಎಂದು ಅಪ್ಪ ಆಮೇಲೆ ಆರು ವರ್ಷ ಯೋಚಿಸಿದರು.

ಅಪ್ಪ ಬೆಳಿಗ್ಗೆ ಕಾರು ತೆಗೆದುಕೊಂಡು ನೇಪರ್‌ವಿಲ್ಲಿನ ಆಫೀಸಿಗೆ ಹೋಗುತ್ತಿದ್ದರು. ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಊರಿಗೆ ಬಸ್ಸಿರಲಿಲ್ಲ. ಮೈಸೂರಿನಲ್ಲಿ ಸಿಟಿ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ಲೈಬ್ರರಿಗೆ ಹೋಗಿ, ಬೇಕೆಂದಾಗ ದೇವರಾಜ ಮಾರ್ಕೆಟ್ಟಿಗೆ ಹೋಗಿ ಬೆಳೆದವಳು, ಇಲ್ಲಿ ಕಾಲು ನಡೆದಷ್ಟೇ ಲೋಕ ಎಂದು ಕೂತಿದ್ದಳು. ಹಾಗಾಗಿ ಅವಳ ಮಾತಿಗೆಲ್ಲ ನಾನೇ ಗಿರಾಕಿ. ಶಾಲೆಯಿಂದ ಬಂದು ಅಡುಗೆಮನೆಯ ಎತ್ತರದ ಸ್ಟೂಲಿನಲ್ಲಿ ಕೂತರೆ, ಅವಳು ಬಟಾಣಿ ಸುಲಿಯುತ್ತಲೋ ಹುಳಿಗೆ ಒಗ್ಗರಣೆ ಹಾಕುತ್ತಲೋ ಎಲ್ಲವನ್ನೂ ಹೇಳುತ್ತಿದ್ದಳು: ಫೋನಿನಲ್ಲಿ ಚಿಕ್ಕಮ್ಮ ಏನೆಂದಳು, ತನಗೆ ಯಾವುದಕ್ಕೆ ಬೇಜಾರಾಯಿತು, ನನ್ನ ಅಪ್ಪನಲ್ಲಿ ಯಾವ ಗುಣ ಸರಿಯಿಲ್ಲ. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಭಾನುವಾರ ವುಡ್‌ರಿಡ್ಜ್‌ನಲ್ಲಿ ಯಾರದೋ ಬೇಸ್‌ಮೆಂಟಿನಲ್ಲಿ ನಡೆಯುತ್ತಿದ್ದ ಕನ್ನಡ ಕ್ಲಾಸಿಗೂ ಹೋಗುತ್ತಿದ್ದೆ. ಆದರೆ ನನಗೆ ಈ ಭಾಷೆ ಬಂದದ್ದು ಆ ಸ್ಟೂಲಿನ ಮೇಲೆ.

ಊರು ಪೂರ್ತಿ ಆನೆ. ಪಕ್ಷಗಳ ಹೆಸರನ್ನೂ ಬರೆಯುವುದಿಲ್ಲ. ಒಂದರ ಗುರುತು ಆನೆ, ಇನ್ನೊಂದರದು ಕತ್ತೆ ಎಂದರೆ ನಿಮಗೆ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಕರೆಯುತ್ತಿದ್ದರು. ಮಗಳು ಎಲ್ಲಾದರೂ ಬಾಯಿ ಬಿಟ್ಟರೂ ಕೇಳಿದವರಿಗೆ ಅರ್ಥವಾಗಬಾರದೆಂದು ಅಪ್ಪ ಮಾಡಿದ ಏರ್ಪಾಡು ಅದು. ಅಕ್ಟೋಬರ್ ಬಂತೆಂದರೆ ಅಂಗಳಗಳಲ್ಲಿ ಸಾಲಾಗಿ ಆನೆ ಪಕ್ಷದವರ ಬೋರ್ಡುಗಳು ಏಳುತ್ತಿದ್ದವು. ನೀವು ಯಾರ ಕಡೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳುವುದೇನಿದೆ ಎಂಬಂತೆ. ಅಪ್ಪ ಅಮ್ಮ ಇಬ್ಬರ ಒಲವೂ ಕತ್ತೆಯ ಕಡೆಗಿತ್ತು. ಅದು ಆ ಮನೆಯ ನಾಲ್ಕು ಗೋಡೆ ದಾಟುವಂತಿರಲಿಲ್ಲ.

ಅಪ್ಪನ ಈ ಗುಣಕ್ಕೆ ಕಾರಣವಿತ್ತು. ಅವರು ಗದಗಿನ ಹತ್ತಿರದ ಒಂದು ಸಣ್ಣ ಹಳ್ಳಿಯವರು. ಅಜ್ಜ ಅಲ್ಲಿ ಕನ್ನಡ ಶಾಲೆಯ ಮಾಸ್ತರ್. ಒಂದು ಸಲ ಪಂಚಾಯಿತಿ ಚುನಾವಣೆಯಲ್ಲಿ ಗೌಡರ ಮಗನಿಗೆ ಓಟು ಹಾಕಲಿಲ್ಲವೆಂಬುದು ಹೇಗೋ ಗೊತ್ತಾಗಿ, ಒಂದು ವರ್ಷ ಊರಿನಲ್ಲಿ ಯಾರೂ ಅವರ ಮನೆಗೆ ಹಾಲು ಹಾಕಲಿಲ್ಲವಂತೆ. ಅಪ್ಪನಿಗೆ ಆಗ ಏಳು ವರ್ಷ. ಕರಿ ಚಹಾ ಕುಡಿಯುವಾಗೆಲ್ಲ ಅದನ್ನು ನೆನೆಸಿಕೊಳ್ಳುತ್ತಿದ್ದರು.

"ಓಟು ಅಂದ್ರ ನಮ್ಮ ಮನಸ್ಸು. ಅದು ಹೊರಗಿನವ್ರಿಗೆ ಗೊತ್ತಾತು ಅಂದ್ರ ಮುಗೀತು, ನಾವು ಅವರ ಕೈಯಾಗ ಸಿಕ್ಕಂಗ," ಎನ್ನುತ್ತಿದ್ದರು.

ಪಕ್ಕದ ಮನೆಯಲ್ಲಿದ್ದವನು ಗ್ಲೆನ್. ಟ್ರ್ಯಾಕ್ಟರ್ ಮಾರುವ ಕೆಲಸದಿಂದ ನಿವೃತ್ತನಾದ ಎತ್ತರದ ಮುದುಕ. ಕಿವಿ ಮುಚ್ಚುವ ಕೆಂಪು ಟೋಪಿ, ಪೆಟ್ರೋಲು ಮತ್ತು ಪುದೀನ ಮಿಠಾಯಿಯ ವಾಸನೆ. ಹಿಮ ಬಿದ್ದ ಬೆಳಿಗ್ಗೆ ತನ್ನ ಯಂತ್ರದಿಂದ ತನ್ನ ಡ್ರೈವ್‌ವೇ ಜೊತೆಗೆ ನಮ್ಮದನ್ನೂ ಬಳಿದು ಹೋಗುತ್ತಿದ್ದ. ಆಗಸ್ಟಿನಲ್ಲಿ ಎಳೆ ತೆನೆಗಳ ಚೀಲವನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದ. ಅವನ ಮೊಮ್ಮಗಳು ಹೇಲಿ ನನ್ನ ಕ್ಲಾಸಿನವಳು, ಅಜ್ಜನ ಜೊತೆಗೇ ಇದ್ದಳು. ನಾವಿಬ್ಬರೂ ಡ್ರೈವ್‌ವೇ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದು ಚೆಂಡು ಪುಟಿಸುತ್ತಿದ್ದೆವು. ಆಡುವವರು ಇಬ್ಬರೇ ಆದ್ದರಿಂದ ಉಳಿದೆರಡು ಮನೆಗೆ ಅವಳ ನಾಯಿ ಮತ್ತು ನಮ್ಮ ಕಸದ ಡಬ್ಬಿ. ಗ್ಲೆನ್‌ಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಬೀದಿಗಳ ಮಟ್ಟಿಗೆ ಆನೆ ಪಕ್ಷದ ಆಳು ಅವನೇ. ಮನೆಮನೆಯ ಪಟ್ಟಿ ಹಿಡಿದು ಬಾಗಿಲು ತಟ್ಟಿ ಮಾತಾಡಿಸಿ ಬರುವವನು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಚಳಿಗಾಲದಲ್ಲಿ ಅಪ್ಪ ಅಮ್ಮನಿಗೆ ಸಿಟಿಜನ್‌ಶಿಪ್ ಬಂತು. ಮೂರನೇ ದಿನ ಗ್ಲೆನ್ ಕರೆಗಂಟೆ ಒತ್ತಿದ. ಕೈಯಲ್ಲಿ ಮತದಾರರ ನೋಂದಣಿಯ ಅರ್ಜಿ. ಅಮ್ಮ ಚಹಾ ಕೊಟ್ಟು ಚಕ್ಕುಲಿ ಮುಂದಿಟ್ಟಳು. ಅವನು ಚಕ್ಕುಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುತ್ತ, ಇಬ್ಬರ ಹೆಸರನ್ನೂ ಅಕ್ಷರ ಅಕ್ಷರ ಕೇಳಿ ಬರೆದುಕೊಂಡ. ಮಾರ್ಚಿನಲ್ಲಿ ಪ್ರೈಮರಿ ಇದೆ, ಬನ್ನಿ ಎಂದ.

ಅವನು ಹೋದ ಮೇಲೆ ಅಪ್ಪ ಕಿಟಕಿಯ ಪಟ್ಟಿ ಮುಚ್ಚಿದರು. "ಮೂರು ದಿನದಾಗ ಇವಗ ಹೆಂಗ ಗೊತ್ತಾತು? ಮತ್ತ ಇವಗ ಯಾಕ ಇಷ್ಟು ಕಾಳಜಿ?"

"ನಾನೇ ಹೇಳ್ದೆ ರೀ, ಮೇಲ್‌ಬಾಕ್ಸ್ ಹತ್ರ ಸಿಕ್ಕಿದ್ರು," ಎಂದಳು ಅಮ್ಮ.

"ಹೇಳೂದೇನಿತ್ತು?"

"ಸಂತೋಷ ಆಗಿತ್ತು, ಹೇಳ್ದೆ."

ಆ ಫೆಬ್ರವರಿಯಲ್ಲಿ ಅಮ್ಮನಿಗೆ ಹೊಸ ಹುಚ್ಚು ಹಿಡಿಯಿತು. ಕೌಂಟಿಯ, ಎಂದರೆ ಅಲ್ಲಿನ ಜಿಲ್ಲೆಯ, ಮಂಡಳಿಗೆ ಕತ್ತೆ ಪಕ್ಷದಿಂದ ನಿಲ್ಲಲು ಇಬ್ಬರು ಪೈಪೋಟಿ ನಡೆಸಿದ್ದರು. ಅವರಲ್ಲಿ ಒಬ್ಬ ಹೆಂಗಸು, ನಿವೃತ್ತ ನರ್ಸು, ನಮ್ಮಂಥ ಊರುಗಳಿಂದ ರೈಲು ನಿಲ್ದಾಣಕ್ಕೂ ಲೈಬ್ರರಿಗೂ ಬಸ್ಸು ಓಡಿಸುತ್ತೇನೆ ಎಂದು ಕರಪತ್ರದಲ್ಲಿ ಬರೆದಿದ್ದಳು. ಅಮ್ಮ ಆ ಸಾಲಿನ ಮೇಲೆ ಹಳದಿ ಬಣ್ಣ ಎಳೆದು ಕರಪತ್ರವನ್ನು ಫ್ರಿಜ್ಜಿಗೆ ಅಂಟಿಸಿದಳು. ಅಪ್ಪ ಅದನ್ನು ತೆಗೆದು ಫ್ರಿಜ್ಜಿನ ಪಕ್ಕಕ್ಕೆ, ಬಾಗಿಲಿನಿಂದ ಕಾಣದ ಕಡೆ ಅಂಟಿಸಿದರು. ಸ್ಟೂಲಿನ ಮೇಲಿದ್ದ ನನಗೆ ಅವಳು ದಿನವೂ ಆ ಬಸ್ಸಿನ ಕಥೆ ಹೇಳುತ್ತಿದ್ದಳು. ಎಷ್ಟು ಗಂಟೆಯ ಬಸ್ಸು ಹಿಡಿಯುತ್ತಾಳೆ, ಲೈಬ್ರರಿಯಲ್ಲಿ ಎಷ್ಟು ಹೊತ್ತು ಕೂರುತ್ತಾಳೆ, ನಾನು ಶಾಲೆಯಿಂದ ಬರುವಷ್ಟರಲ್ಲಿ ವಾಪಸಾಗಿ ಉಪ್ಪಿಟ್ಟು ಹೇಗೆ ಮಾಡಿಟ್ಟಿರುತ್ತಾಳೆ.

"ನೋಡು ಪುಟ್ಟಿ, ಈ ಊರಲ್ಲಿ ಕತ್ತೆಗೆ ಓಟು ಹಾಕೋರು ಎಷ್ಟು ಜನ ಇದ್ದಾರು? ನಮ್ಮನೆಯಿಂದ್ಲೇ ಎರಡು ಬಿದ್ರೆ ಲೆಕ್ಕಕ್ಕೆ ಬರುತ್ತೆ."

ಊಟದ ಹೊತ್ತಿಗೆ ಅಪ್ಪನನ್ನೂ ಒಪ್ಪಿಸಿದಳು. ಅಪ್ಪ ಒಪ್ಪಿದ್ದು ಸುಳ್ಳಲ್ಲ. "ಆತು, ಎರಡೂ ನಿನ್ನ ಬಸ್ಸಿಗೆ," ಎಂದು ಅವರು ನಗುತ್ತ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಇಲಿನಾಯಿ ರಾಜ್ಯದ ಪ್ರೈಮರಿಯ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ನವೆಂಬರಿನ ಚುನಾವಣೆಗೆ ಆಯಾ ಪಕ್ಷದಿಂದ ಯಾರು ನಿಲ್ಲಬೇಕೆಂದು ಆರಿಸುವ ಮತದಾನ ಅದು. ಒಳಗೆ ಹೋಗಿ ಯಾವುದಾದರೂ ಒಂದು ಪಕ್ಷದ ಮತಪತ್ರವನ್ನು ಕೇಳಿ ಪಡೆಯಬೇಕು. ಅದರಲ್ಲಿ ಯಾರ ಹೆಸರಿಗೆ ಗುರುತು ಹಾಕಿದಿರಿ ಎಂಬುದು ಗುಟ್ಟು. ಯಾವ ಪಕ್ಷದ ಮತಪತ್ರ ಪಡೆದಿರಿ ಎಂಬುದು ಗುಟ್ಟಲ್ಲ. ಅದನ್ನು ದಾಖಲೆ ಮಾಡಿ ಇಡುತ್ತಾರೆ, ಪಕ್ಷದವರಿಗೆ ಆ ಪಟ್ಟಿ ಸಿಗುತ್ತದೆ. ಇಲ್ಲಿ ಹುಟ್ಟಿದವರಿಗೆ ಇದು ತಿಳಿದ ವಿಷಯ. ಮತದಾನವೆಂದರೆ ರಟ್ಟಿನ ಮರೆಯಲ್ಲಿ ಒಬ್ಬರೇ ನಿಂತು ಒತ್ತುವ ಮುದ್ರೆ ಎಂದುಕೊಂಡಿದ್ದ ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವರು ಯಾರನ್ನೂ ಕೇಳುವವರೂ ಅಲ್ಲ.

ಅಮ್ಮ ಬೆಳಿಗ್ಗೆಯೇ ನಡೆದುಕೊಂಡು ಹೋಗಿ ಓಟು ಹಾಕಿ ಬಂದಿದ್ದಳು. ಅಲ್ಲಿ ಪಕ್ಷ ಕೇಳುತ್ತಾರೆಂಬುದು ಅವಳಿಗೆ ಬಂದು ಹೇಳುವಂಥ ವಿಷಯವೆನ್ನಿಸಿರಲಿಲ್ಲ. ಅಪ್ಪ ಆಫೀಸಿನಿಂದ ಬಂದು ಸಂಜೆ ಐದೂವರೆಗೆ ನನ್ನನ್ನೂ ಕರೆದುಕೊಂಡು ಹೊರಟರು. ಅಗ್ನಿಶಾಮಕ ಠಾಣೆಯ ಒಳಗಿದ್ದ ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ, ಅವು ನಿಲ್ಲುವ ಜಾಗದಲ್ಲಿ ಮೇಜುಗಳನ್ನು ಹಾಕಿದ್ದರು. ಡೀಸೆಲ್ ವಾಸನೆ, ಕಾಫಿ ವಾಸನೆ, ಒದ್ದೆ ಬೂಟುಗಳ ವಾಸನೆ. ಪೆಟ್ಟಿಗೆಯಲ್ಲಿ ಡೋನಟ್ಟುಗಳಿದ್ದವು, ತೆಗೆದುಕೊಳ್ಳಬಹುದೇ ಎಂದು ಕಣ್ಣಲ್ಲೇ ಕೇಳಿದೆ, ಅಪ್ಪ ಕಣ್ಣಲ್ಲೇ ಬೇಡವೆಂದರು. ಮತಗಟ್ಟೆಯಲ್ಲಿ ಕೆಲಸ ಮಾಡುವವರನ್ನು ಅಲ್ಲಿ ಜಡ್ಜ್ ಎನ್ನುತ್ತಾರೆ. ಅಂದಿನ ಜಡ್ಜ್ ನಮ್ಮ ಶಾಲೆಯಲ್ಲಿ ಊಟ ಬಡಿಸುತ್ತಿದ್ದ ಹೆಂಗಸು. ಗೋಡೆಯ ಬದಿಗೆ ಮಡಚುವ ಕುರ್ಚಿಯ ಮೇಲೆ, ಮೊಣಕಾಲ ಮೇಲೆ ಪಟ್ಟಿ ಇಟ್ಟುಕೊಂಡು, ಗ್ಲೆನ್ ಕೂತಿದ್ದ. ನಮ್ಮನ್ನು ಕಂಡು ಕೈಯೆತ್ತಿದ.

ಅಪ್ಪ ಹೆಸರು ಹೇಳಿ ಸಹಿ ಮಾಡಿದರು. ಅವಳು ಕೇಳಿದಳು, "ಯಾವ ಪಕ್ಷದ್ದು ಕೊಡಲಿ?"

ಅಪ್ಪ ಕೇಳಿಸಲಿಲ್ಲವೆಂಬಂತೆ ನಿಂತರು. ಅವಳು ಇನ್ನಷ್ಟು ಜೋರಾಗಿ ಕೇಳಿದಳು.

"ಅದು ಗುಟ್ಟು," ಎಂದರು ಅಪ್ಪ, ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ.

"ಗುಟ್ಟೇ ಸಾರ್. ಆದರೆ ಯಾವುದು ಅಂತ ಗೊತ್ತಾಗದೆ ನಾನು ಕೊಡೋದು ಹೇಗೆ?"

"ಎರಡೂ ಕೊಡಿ. ಒಂದನ್ನು ವಾಪಸು ಕೊಡುತ್ತೇನೆ."

ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಅಪ್ಪನ ಕಿವಿಯ ತುದಿ ಕೆಂಪಾಗಿದ್ದು ನನಗೆ ಕಂಡಿತು. ಅವರು ಒಮ್ಮೆ ಗ್ಲೆನ್ ಕಡೆ ನೋಡಿದರು, ಅವನ ಮೊಣಕಾಲ ಮೇಲಿನ ಪಟ್ಟಿಯ ಕಡೆ ನೋಡಿದರು. ಆಮೇಲೆ ಬಾಯಿ ಬಿಡದೆ, ಮೇಜಿನ ಮೇಲಿದ್ದ ಎರಡು ಕಟ್ಟುಗಳಲ್ಲಿ ಒಂದನ್ನು ಬೆರಳಿನಿಂದ ತೋರಿಸಿದರು. ಅವಳು ಅದರಿಂದ ಒಂದು ಹಾಳೆ ತೆಗೆದು, ಅಲ್ಲಿನ ನಿಯಮದಂತೆ, ಅಪ್ಪನ ಹೆಸರು, ನಮ್ಮ ಮನೆಯ ವಿಳಾಸ, ಪಕ್ಷ, ಮೂರನ್ನೂ ಇಡೀ ಠಾಣೆಗೆ ಕೇಳುವಂತೆ ಕೂಗಿ ಹೇಳಿದಳು.

ಆನೆ.

ಗ್ಲೆನ್ ಪಟ್ಟಿಯಲ್ಲಿ ಗೀಟು ಹಾಕಿ ಅಪ್ಪನತ್ತ ನೋಡಿ ತಲೆಯಾಡಿಸಿದ.

ವಾಪಸು ಬರುವಾಗ ಅಪ್ಪ ನಮ್ಮ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿದರು. ವೈಪರ್ ಮಾತ್ರ ಓಡುತ್ತಿತ್ತು. "ಅವ್ವಾ, ಅಮ್ಮಗ ಹೇಳಬ್ಯಾಡ. ಆಕೀಗೆ ಬ್ಯಾಸರಾಗ್ತದ. ಅಂವಾ ಅಲ್ಲಿ ಕುಂತಿದ್ದ, ನೋಡಿದೆಲ್ಲ? ನಾಳೆ ನಿನ್ನ ಜೋಡಿ ಆ ಹುಡುಗಿ ಆಡಾಕ ಬರಲಿಕ್ಕಿಲ್ಲ ಅಂದ್ರ?"

ಓಕೆ ಎಂದೆ. ಹೇಲಿ ಬರದಿದ್ದರೆ ಎಂಬುದನ್ನು ನಾನು ಆವರೆಗೆ ಯೋಚಿಸಿಯೇ ಇರಲಿಲ್ಲ. ಆಮೇಲೆ ಅದೊಂದನ್ನೇ ಯೋಚಿಸಿದೆ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಹಾಕಿದ್ರಾ?" ಅಪ್ಪ ಬೂಟು ಬಿಚ್ಚುತ್ತ "ಹಾಕಿದೆ" ಎಂದರು. ಅಮ್ಮ ನನ್ನ ಕಡೆ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ.

ಮರುದಿನ ನರ್ಸು ಸೋತಳೆಂದು ಗೊತ್ತಾಯಿತು. ಒಂದೊಂದು ಮತಗಟ್ಟೆಯ ಲೆಕ್ಕವನ್ನೂ ಅದರ ಬಾಗಿಲಿಗೇ ಅಂಟಿಸುತ್ತಾರೆ. ಅಮ್ಮ ಶಾಲು ಸುತ್ತಿಕೊಂಡು, ಕರಗುತ್ತಿದ್ದ ಹಿಮದ ರಾಡಿಯಲ್ಲಿ ನಡೆದು ಹೋಗಿ ಅದನ್ನು ನೋಡಿ ಬಂದಳು. ನಮ್ಮ ಮತಗಟ್ಟೆಯಲ್ಲಿ ಆ ನರ್ಸಿಗೆ ಬಿದ್ದ ಓಟುಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಿತ್ತು. ಅವಳಿಗೇನೂ ಬೇಸರವಾದಂತೆ ಕಾಣಲಿಲ್ಲ. ನನ್ನೆದುರು ಎರಡೂ ಕೈ ಅಗಲಿಸಿ, ಆಮೇಲೆ ಎರಡು ಬೆರಳು ಮಾತ್ರ ಉಳಿಸಿ ಉಳಿದವನ್ನು ಮಡಚಿದಳು.

"ಇವೆರಡು ನಮ್ಮವು ಕಣೆ. ಮುಂದಿನ ಸಲ ಇನ್ನೂ ಸೇರುತ್ತೆ ನೋಡು."

ಒಂದು ಬೆರಳು ಹೆಚ್ಚಾಗಿತ್ತು. ಅದು ನನಗೆ ಗೊತ್ತಿತ್ತು. ನಾನು ಹಾಲಿನ ಲೋಟ ಎತ್ತಿ ಮುಖ ಮುಚ್ಚಿಕೊಂಡೆ.

ಆ ವಾರಾಂತ್ಯ ಬಿಸಿಲು ಬಂತು, ಸೀಮೆಸುಣ್ಣ ಹೊರಗೆ ಬಂತು. ಚೆಂಡು ಪುಟಿಸುತ್ತ ಹೇಲಿ ಹವಾಮಾನದ ಮಾತಾಡಿದಂತೆ ಹೇಳಿದಳು: "ನಿಮ್ಮಪ್ಪ ನಮ್ಮ ಕಡೆ, ನಿಮ್ಮಮ್ಮ ಅಲ್ಲ ಅಂತೆ. ತಾತ ಹೇಳ್ತಿದ್ರು."

ಚೆಂಡು ಕೈತಪ್ಪಿ ಬೀದಿಗೆ ಹೋಯಿತು. "ತಾತನಿಗೆ ಹೇಗೆ ಗೊತ್ತು?" ಎಂದೆ.

"ಪಟ್ಟಿ ಇದೆಯಲ್ಲ. ಅವರು ಅದನ್ನ ಹಿಡ್ಕೊಂಡು ಎಲ್ಲರ ಮನೆಗೂ ಹೋಗ್ತಾರೆ, ಥ್ಯಾಂಕ್ಸ್ ಹೇಳೋಕೆ. ನಿಮ್ಮನೆಗೂ ಬರ್ತಾರೆ."

ಅಂದಿನಿಂದ ಅಪ್ಪನ ಕೆಲಸ ನನಗೆ ಬಂತು. ಶಾಲೆಯಿಂದ ಬಂದವಳೇ ಮೇಲಿನ ಕೋಣೆಗೆ ಹೋಗಿ ಕಿಟಕಿಯ ಪಟ್ಟಿಗಳನ್ನು ಎರಡು ಬೆರಳಿನಲ್ಲಿ ಅಗಲಿಸಿ ಗ್ಲೆನ್ ಮನೆಯ ಬಾಗಿಲು ನೋಡುತ್ತ ಕೂರುತ್ತಿದ್ದೆ. ಅವನು ಮೇಲ್‌ಬಾಕ್ಸಿಗೆ ಬಂದರೆ ಕಿಟಕಿಯಿಂದ ತಲೆ ತಗ್ಗಿಸುತ್ತಿದ್ದೆ. ಕೈಯಲ್ಲಿ ಕಾಗದ ಕಂಡರೆ ಅದೇ ಪಟ್ಟಿ ಎಂದುಕೊಳ್ಳುತ್ತಿದ್ದೆ. ಹೇಲಿ ನನ್ನೊಡನೆ ಆಡಲು ಬಂದರೆ, ಯಾಕೆ ಬಂದಳು, ಏನು ತಿಳಿದುಕೊಳ್ಳಲು ಬಂದಳು ಎಂದು ಅನುಮಾನ. ಅಮ್ಮ ಪ್ರೀತಿಯಿಂದ ತಲೆ ಬಾಚಿದರೂ ಇವಳಿಗೆ ಗೊತ್ತಾಗಿಬಿಟ್ಟಿದೆಯೇನೋ ಎಂದು ಅನುಮಾನ. ಅಪ್ಪನ ಮೇಲೆ ಮಾತ್ರ ಬರಲಿಲ್ಲ. ಬರಬೇಕಾಗಿದ್ದದ್ದು ಅವರ ಮೇಲೆಯೇ.

ಗುರುವಾರ ಅವನು ನಿಜವಾಗಿಯೂ ಬಂದ. ಅಮ್ಮ ಹಿಂದಿನ ಬಾಗಿಲಲ್ಲಿ ಹಪ್ಪಳ ಒಣಗಲು ಹಾಕುತ್ತಿದ್ದಳು. ಕರೆಗಂಟೆ ಒತ್ತುವ ಮೊದಲೇ ನಾನು ಓಡಿಹೋಗಿ ಮುಂಬಾಗಿಲನ್ನು ಒಂದು ಗೇಣು ತೆರೆದೆ. "ಅಮ್ಮ ಮನೆಯಲ್ಲಿಲ್ಲ," ಎಂದೆ. ಅಮ್ಮನಿಗೆ ಕಾರಿಲ್ಲ, ಬಸ್ಸಿಲ್ಲ, ಎಲ್ಲಿಗೂ ಹೋಗುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಗ್ಲೆನ್ ನನ್ನ ತಲೆಯ ಮೇಲಿಂದ ಒಳಗೆ ನೋಡಿದ. ಒಳಗಿನಿಂದ ಅಮ್ಮನ ಗುನುಗು ಕೇಳಿಸುತ್ತಿತ್ತು. "ಸರಿ ಮಗು, ಭಾನುವಾರ ಬರ್ತೀನಿ," ಎಂದು ಜೇಬಿನಿಂದ ಪುದೀನ ಮಿಠಾಯಿ ತೆಗೆದು ಕೊಟ್ಟು ಹೋದ. ನಾನು ಅದನ್ನು ತಿನ್ನಲಿಲ್ಲ.

ಭಾನುವಾರ ಯುಗಾದಿ. ಕನ್ನಡ ಕ್ಲಾಸಿಗೆ ರಜೆ. ಮನೆಯೆಲ್ಲ ಏಲಕ್ಕಿ, ಬೆಂದ ಬೇಳೆ, ತುಪ್ಪದ ವಾಸನೆ. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿಯಿದ್ದರೂ ಅಮ್ಮ ರೇಷ್ಮೆ ಸೀರೆ ಉಟ್ಟು ಬರಿಗಾಲಲ್ಲಿ ಹೊರಬಂದು ಸಿಮೆಂಟಿನ ಮೇಲೆ ರಂಗೋಲಿ ಹಾಕಿದ್ದಳು. ಊಟಕ್ಕೆ ಕೂತಿದ್ದೆವು. ಕರೆಗಂಟೆ ಸದ್ದಾಯಿತು. ಅಪ್ಪ ಏಳುವ ಮೊದಲೇ, ಹಬ್ಬದ ಸಂಭ್ರಮದಲ್ಲಿ ಪದ್ಧತಿ ಮರೆತು, ಅಮ್ಮ ಬಾಗಿಲು ತೆರೆದುಬಿಟ್ಟಳು.

ಗ್ಲೆನ್ ರಂಗೋಲಿ ತುಳಿಯದಂತೆ ದೊಡ್ಡ ಹೆಜ್ಜೆ ಇಟ್ಟು ಒಳಗೆ ಬಂದ. ಟೋಪಿ ತೆಗೆದ. ಕಂಕುಳಲ್ಲಿ ಪಟ್ಟಿ. ಅಮ್ಮ ಅವನನ್ನು ಕೂರಿಸಿ ತಟ್ಟೆಯಲ್ಲಿ ಒಬ್ಬಟ್ಟು ಹಾಕಿದಳು. ಅವನು ಎರಡು ತುತ್ತು ತಿಂದು, ಬೆರಳು ಒರೆಸಿಕೊಂಡು, ಅಪ್ಪನ ಕೈ ಹಿಡಿದು ಕುಲುಕಿದ.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಮೊದಲನೇ ಓಟು, ಅದನ್ನ ನಮ್ಮ ಪಕ್ಷದಲ್ಲಿ ಹಾಕಿದಿರಿ. ನವೆಂಬರಿನ ಚುನಾವಣೆಗೆ ನಿಮ್ಮ ಅಂಗಳಕ್ಕೊಂದು ಬೋರ್ಡು ತಂದು ಕೊಡ್ತೀನಿ." ಆಮೇಲೆ ಅಮ್ಮನ ಕಡೆ ತಿರುಗಿ ನಕ್ಕ. "ನೀವು ಆ ಕಡೆ ಅಂತ ಗೊತ್ತು. ಬೆಳಿಗ್ಗೆ ನಾನಲ್ಲೇ ಕೂತಿದ್ದೆ, ಎಷ್ಟು ಜೋರಾಗಿ ಹೇಳಿದ್ರಿ. ಪರವಾಗಿಲ್ಲ, ನನ್ನ ಹೆಂಡತೀನೂ ಬದುಕಿದ್ದಷ್ಟು ದಿನ ನಿಮ್ಮ ಕಡೆಯವಳೇ."

ಅಮ್ಮನ ಕೈಯಲ್ಲಿ ತುಪ್ಪದ ಮಿಳ್ಳೆ ಇತ್ತು. ಅವಳು ಅಪ್ಪನನ್ನು ನೋಡಲಿಲ್ಲ. ನಗುತ್ತಲೇ ಗ್ಲೆನ್‌ನ ತಟ್ಟೆಗೆ ಇನ್ನಷ್ಟು ತುಪ್ಪ ಬಡಿಸಿದಳು, ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಿದಳು, ಹೇಲಿಗೆಂದು ನಾಲ್ಕು ಒಬ್ಬಟ್ಟನ್ನು ಫಾಯಿಲ್ ಹಾಳೆಯಲ್ಲಿ ಸುತ್ತಿ ಕೊಟ್ಟಳು. ಬಾಗಿಲವರೆಗೆ ಹೋಗಿ ಕಳಿಸಿ ಬಂದಳು. ಅಪ್ಪ ತಟ್ಟೆಯಲ್ಲಿದ್ದ ಕೋಸಂಬರಿಯನ್ನು ಬೆರಳಲ್ಲಿ ಸರಿಸುತ್ತ ಕೂತಿದ್ದರು.

ಅಮ್ಮ ಬಂದು ಮೊದಲು ಮಾತಾಡಿಸಿದ್ದು ನನ್ನನ್ನು.

"ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು, ಆ ವಾರ ಅದರಲ್ಲಿ ಪಳಗಿದ್ದೆ. ಆದರೆ ಅವಳ ಮುಖ ನೋಡಿ ಹೌದೆಂದು ತಲೆಯಾಡಿಸಿದೆ.

"ಗುರುವಾರ ಅವರಿಗೆ ನಾನು ಮನೇಲಿಲ್ಲ ಅಂತ ಹೇಳ್ದವಳೂ ನೀನೇ ಅಲ್ವಾ? ಬಾಗ್ಲಲ್ಲಿ ಹೇಳಿದ್ರು ಈಗ."

ಅದಕ್ಕೂ ತಲೆಯಾಡಿಸಿದೆ. ಅವಳು ಬೈಯಲಿಲ್ಲ. "ಹೂಂ" ಎಂದು ನನ್ನ ತಟ್ಟೆಗೆ ಅನ್ನ ಬಡಿಸಿದಳು.

ನಮ್ಮ ಮನೆಯ ಜಗಳಗಳೆಲ್ಲ ಗರಾಜಿನಲ್ಲಿ, ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು ನಡೆಯುತ್ತಿದ್ದವು. ನೆರೆಯವರಿಗೆ ಕೇಳಿಸಬಾರದೆಂದು ಅದೂ ಅಪ್ಪನದೇ ಏರ್ಪಾಡು. ಅವತ್ತು ಅಮ್ಮ ಕಾರು ಹತ್ತಲಿಲ್ಲ. ಗರಾಜಿನ ಬಾಗಿಲಲ್ಲೇ ನಿಂತುಕೊಂಡಳು, ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ.

"ನಮ್ಮಪ್ಪಗ ಒಂದು ವರ್ಷ ಹಾಲು ಸಿಗಲಿಲ್ಲ, ಗೊತ್ತದ ಇಲ್ಲ ನಿನಗ?" ಎನ್ನುತ್ತಿದ್ದರು ಅಪ್ಪ. "ಅಂವಾ ಎದುರಿಗೆ ಪಟ್ಟಿ ಹಿಡಕೊಂಡು ಕುಂತಿದ್ದ. ಏನ್ ಮಾಡ್ಲಿ?"

"ಮಾವನೋರಿಗೆ ಹಾಲು ಸಿಗ್ಲಿಲ್ಲ, ನಿಜ. ಆದ್ರೆ ಅವರು ಅತ್ತೆಗೆ ಸುಳ್ಳು ಹೇಳಿರಲಿಲ್ಲ ರೀ. ನೀವು ಅವರಿಗೆ ಹೆದರಿದ್ರಿ, ಸರಿ, ಹೆದರಿಕೆ ಯಾರಿಗಿಲ್ಲ. ನಂಗ್ಯಾಕೆ ಹೆದರಿದ್ರಿ?"

ಅಪ್ಪ ಏನೋ ಹೇಳಿದರು, ಕೇಳಿಸಲಿಲ್ಲ.

"ಬಸ್ಸು ಹೋಗ್ಲಿ ಬಿಡಿ, ಅದು ಬರ್ತಾನೂ ಇರ್ಲಿಲ್ಲ. ಮಗೂನ ಯಾಕೆ ನಿಮ್ಮ ಜೊತೆ ಸೇರಿಸ್ಕೊಂಡ್ರಿ? ಈ ಊರಲ್ಲಿ ನಂಗೆ ಮಾತಾಡೋಕೆ ಅಂತ ಇದ್ದಿದ್ದು ಅದೊಂದೇ."

ಅದಾದ ಮೇಲೆ ಆ ಬೇಸಿಗೆಯಲ್ಲಿ ನಮ್ಮ ಬೀದಿಯವರು ಎಂದೂ ನಿರೀಕ್ಷಿಸದ ಒಂದು ದೃಶ್ಯ ನೋಡಿದರು. ಸಂಜೆ ಹೊತ್ತು ಚರ್ಚಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಹಳೆಯ ಪಿಕ್‌ಅಪ್ ಟ್ರಕ್ಕು ಬಿಕ್ಕಳಿಸುತ್ತ ಓಡಾಡುತ್ತಿತ್ತು. ಸ್ಟೀರಿಂಗ್ ಹಿಂದೆ ಅಮ್ಮ, ಪಕ್ಕದಲ್ಲಿ ಟೋಪಿ ಹಿಡಿದುಕೊಂಡ ಗ್ಲೆನ್. ಅಮ್ಮನೇ ಹೋಗಿ ಕೇಳಿದ್ದಳು. ಅಪ್ಪನಿಗೆ ತಡೆಯಲು ಧೈರ್ಯ ಬರಲಿಲ್ಲ, ಮೇಲಿನ ಕಿಟಕಿಯಿಂದ ನೋಡುತ್ತಿದ್ದರು.

"ಅವಗ ಇದರಾಗ ಏನು ಲಾಭ?" ಎಂದು ಒಮ್ಮೆ ಗೊಣಗಿದರು.

"ಅವರು ಏನಿದ್ರೂ ಎದುರಿಗೇ ಹೇಳ್ತಾರೆ," ಎಂದಳು ಅಮ್ಮ. ಆಗಸ್ಟಿನಲ್ಲಿ ಲೈಸೆನ್ಸ್ ತೆಗೆದುಕೊಂಡು ತಾನೇ ಡ್ರೈವ್ ಮಾಡಿಕೊಂಡು ಲೈಬ್ರರಿಗೆ ಹೋಗಿಬಂದಳು. ಹೇಲಿ ಮತ್ತು ನಾನು ಹೈಸ್ಕೂಲು ಮುಗಿಯುವವರೆಗೂ ಗೆಳತಿಯರಾಗಿಯೇ ಇದ್ದೆವು. ಅಪ್ಪ ಹೆದರಿದ್ದು ಯಾವುದೂ ಆಗಲಿಲ್ಲ.

ಆದದ್ದು ಬೇರೆ. ಸ್ಟೂಲಿನ ಮೇಲೆ ಕೂತರೆ ಅಮ್ಮ ಮೊದಲಿನಂತೆ ಮಾತಾಡುತ್ತಿದ್ದಳು, ಶಾಲೆಯ ಬಗ್ಗೆ ಕೇಳುತ್ತಿದ್ದಳು, ನಗಿಸುತ್ತಿದ್ದಳು. ಚಿಕ್ಕಮ್ಮನ ಫೋನು ಬಂದರೆ ಮಾತ್ರ ಹಿಂದಿನ ಅಂಗಳಕ್ಕೆ ಹೋಗುತ್ತಿದ್ದಳು. "ನಿಮ್ಮಪ್ಪ ಇವತ್ತು..." ಎಂದು ಶುರು ಮಾಡಿ, ನನ್ನನ್ನೊಮ್ಮೆ ನೋಡಿ, "ಏನಿಲ್ಲ, ಬಟಾಣಿ ತಿನ್ನು," ಎನ್ನುತ್ತಿದ್ದಳು. ಕರಪತ್ರ ಬಂದರೆ ಓದಿ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದು ದಿನವೂ ಅದನ್ನೆತ್ತಿ ಆಡಲಿಲ್ಲ, ಒಂದು ಮಾತೂ ಚುಚ್ಚಲಿಲ್ಲ. ಆಡಿದ್ದರೆ ಅತ್ತು ಮುಗಿಸಿಬಿಡುತ್ತಿದ್ದೆ. ಹತ್ತು ವರ್ಷದ ಹುಡುಗಿಗೆ ಏನನ್ನು ಕಳೆದುಕೊಂಡೆ ಎಂದು ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ನನಗೆ ಅಮ್ಮ ಇದ್ದಾಳೆ, ಅವಳ ಗುಟ್ಟುಗಳಿಲ್ಲ.

ಈಗ ನಾನು ಡೆಟ್ರಾಯಿಟ್ ಪಕ್ಕದ ವಾರೆನ್‌ನಲ್ಲಿದ್ದೇನೆ, ಕಾರುಗಳ ಬ್ರೇಕಿನ ವಿನ್ಯಾಸ ನನ್ನ ಕೆಲಸ. ಯಾರಿಗೆ ಓಟು ಹಾಕುತ್ತೇನೆಂದು ಗಂಡನಿಗೂ ಹೇಳಿಲ್ಲ. ಅವನು ಕೇಳಿದಾಗೆಲ್ಲ, ಯಾಕೆ ಕೇಳುತ್ತಾನೆ ಎಂದು ಯೋಚಿಸುತ್ತೇನೆ. ಈ ಗುಣ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕಾಗಿಲ್ಲ. ಊರು ಮೊದಲಿನಂತೆ ಪೂರ್ತಿ ಆನೆಯಾಗಿ ಉಳಿದಿಲ್ಲವಂತೆ, ಹೊಸ ಸಬ್‌ಡಿವಿಷನ್ನುಗಳು ಬಂದಿವೆ, ಒಂದೊಂದು ಬೀ‌ದಿಯಲ್ಲಿ ಎರಡೂ ಕಡೆಯ ಬೋರ್ಡುಗಳಿವೆ. ಗ್ಲೆನ್ ತೀರಿಕೊಂಡು ಬಹಳ ಕಾಲವಾಯಿತು. ಅಪ್ಪ ಅಂಚೆಯಲ್ಲಿ ಮತಪತ್ರ ತರಿಸಿಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಓಟು ಹಾಕುತ್ತಾರೆ.

ಅಮ್ಮನಿಗೆ ಮಾತ್ರ ಹೋಗಿಯೇ ಹಾಕಬೇಕು. ಎರಡು ವರ್ಷದಿಂದ ಅವಳ ಕಣ್ಣು ಮಂಜಾಗಿದೆ, ಡ್ರೈವಿಂಗ್ ಬಿಟ್ಟಿದ್ದಾಳೆ. ಹೋದ ನವೆಂಬರಿನಲ್ಲಿ ನಾನು ರಜೆ ಹಾಕಿ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಅವಳನ್ನು ಮತಗಟ್ಟೆಗೆ ಕರೆದೊಯ್ದೆ. ದಾರಿಯಲ್ಲಿ ನನಗೊಂದು ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವಳಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಓದಿ ಹೇಳಿ ಗುರುತು ಹಾಕಲು ಯಾರಾದರೂ ಬೇಕು, ಆ ಯಾರಾದರೂ ನಾನೇ ಆಗುತ್ತೇನೆ. ಇಬ್ಬರೂ ಆ ರಟ್ಟಿನ ಮರೆಯಲ್ಲಿ ತಲೆಗೆ ತಲೆ ತಾಗಿಸಿ ನಿಲ್ಲುತ್ತೇವೆ, ಅವಳು ನನ್ನ ಕಿವಿಯಲ್ಲಿ ಹೆಸರು ಹೇಳುತ್ತಾಳೆ.

ಮೇಜಿನ ಹಿಂದಿದ್ದ ಹುಡುಗ ವಿನಯದಿಂದ ವಿವರಿಸಿದ. ಸಹಾಯಕ್ಕೆ ಮಗಳನ್ನು ಕರೆದುಕೊಳ್ಳಬಹುದು. ಬೇಡವಾದರೆ ಇಲ್ಲಿನ ಜಡ್ಜ್‌ಗಳೇ ಇಬ್ಬರು ಬರುತ್ತಾರೆ, ಒಂದೊಂದು ಪಕ್ಷದವರು ಒಬ್ಬೊಬ್ಬರು. ಅವನು ತೋರಿಸಿದ ಕಡೆ ಎರಡು ಅಪರಿಚಿತ ಮುಖಗಳಿದ್ದವು.

ನಾನು ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಅಮ್ಮ ನನ್ನ ಕೈಯನ್ನು ಹುಡುಕಿ ಹಿಡಿದು, ಮೆಲ್ಲಗೆ ತಟ್ಟಿದಳು.

"ಅವರಿಬ್ಬರೇ ಸಾಕು ಪುಟ್ಟಿ," ಎಂದಳು. "ನೀನು ನನ್ನ ಕೋಟು ಹಿಡ್ಕೊಂಡಿರು."